ಮಾರ್ಡೇಲ್ ಗ್ರೀನ್ ಪಾಳುಬಿದ್ದ ಊರಾಗಿರಲಿಲ್ಲ

ಮಾನ್ಯ ಸಂಪಾದಕರೇ,

ಜಲಾಶಯಗಳ ನೀರು ತಳ ಕಂಡಾಗ ಮೇಲೆ ಕಾಣಿಸಿಕೊಳ್ಳುವ ಮುಳುಗಡೆ ಊರುಗಳನ್ನು ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಚಿತ್ರಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಸೀಮೆಯ ಮಾರ್ಡೇಲ್ ಗ್ರೀನ್ ಎಂಬ ಪುಟ್ಟ ಮಜರೆಗೂ ಅದರಲ್ಲಿ ಜಾಗ ದೊರೆತದ್ದು ನನಗೆ ಸಂತೋಷ ತಂದಿತು. ಆದರೆ ಆ ಊರಿನ ಚಿತ್ರದ ಕೆಳಗಿನ ನಾಲ್ಕು ಸಾಲುಗಳಲ್ಲಿ ಎರಡು ತಪ್ಪುಗಳು ನುಸುಳಿವೆ. ಬರಗಾಲದಲ್ಲಿ ಅಲ್ಲಿನ ಚರ್ಚಿನ ಗೋಪುರ ನೀರಿನಿಂದ ಮೇಲೆದ್ದು ನಿಲ್ಲುತ್ತದೆ ಎಂಬುದು ಮೊದಲನೆಯದು. ಜನರು ಮೊದಲೇ ತೊರೆದುಹೋಗಿದ್ದ ಪಾಳೂರನ್ನು ನೀರು ಮುಚ್ಚಿತು ಎಂಬುದು ಎರಡನೆಯದು. ಈ ಎರಡೂ ಮಾತುಗಳು ಅಂತರಜಾಲದಲ್ಲಿ ಓಡಾಡುತ್ತಿರುವುದರಿಂದ ತಮ್ಮ ಲೇಖಕರನ್ನು ದೂರುವುದು ನನ್ನ ಉದ್ದೇಶವಲ್ಲ. ಆ ಊರನ್ನು ಮುಳುಗಿಸಿ ಕಟ್ಟಿದ ಜಲಾಶಯದ ನೀರನ್ನೇ ಮ್ಯಾಂಚೆಸ್ಟರ್‌ನಲ್ಲಿ ಕುಡಿಯುತ್ತಿರುವವನು ನಾನು, ಶರಾವತಿಯ ಹಿನ್ನೀರಿನಲ್ಲಿ ಅಜ್ಜನ ಮನೆ ಕಳೆದುಕೊಂಡ ಕುಟುಂಬದವನೂ ಹೌದು. ಆದ್ದರಿಂದ ಆ ಮಜರೆ ನಿಜಕ್ಕೂ ಏನಾಗಿತ್ತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ತಮ್ಮ ಓದುಗರ ಮುಂದಿಡಲು ಅವಕಾಶ ಕೋರುತ್ತೇನೆ.

ಗೋಪುರದ ವಿಷಯವನ್ನು ಮೊದಲು ಮುಗಿಸುತ್ತೇನೆ. ನೀರಿನ ನಡುವೆ ಚರ್ಚಿನ ಚೂಪು ಗೋಪುರ ನಿಂತಿದ್ದದ್ದು ಡರ್ಬಿಷೈರ್ ಪ್ರಾಂತದ ಡರ್ವೆಂಟ್ ಎಂಬ ಬೇರೊಂದು ಹಳ್ಳಿಯಲ್ಲಿ. ಲೇಡಿಬೋವರ್ ಜಲಾಶಯಕ್ಕಾಗಿ ಆ ಹಳ್ಳಿಯನ್ನು ಮುಳುಗಿಸಿದಾಗ ಗೋಪುರವನ್ನು ನೆನಪಿಗಾಗಿ ಹಾಗೆಯೇ ಉಳಿಸಿದ್ದರು. ಅದನ್ನು ನೋಡಲು ಜನ ಈಜಿಕೊಂಡು ಹೋಗತೊಡಗಿದ್ದರಿಂದ ಅಪಾಯವೆಂದು ಬಗೆದು 1947ರ ಡಿಸೆಂಬರ್‌ನಲ್ಲಿ ಸಿಡಿಮದ್ದಿಟ್ಟು ಅದನ್ನೂ ಕೆಡವಿದರು. ಮಾರ್ಡೇಲ್‌ನ ಹೋಲಿ ಟ್ರಿನಿಟಿ ಚರ್ಚಿಗೆ ಅಂಥ ಎತ್ತರದ ಗೋಪುರವೇ ಇರಲಿಲ್ಲ. ಹಳೆಯ ಪ್ರಾರ್ಥನಾಗೃಹವಿದ್ದ ಜಾಗದಲ್ಲಿ ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಕಟ್ಟಿದ ಬಹಳ ಚಿಕ್ಕ ಕಟ್ಟಡವದು. ಸುತ್ತ ಬೆಳೆದಿದ್ದ ಹಳೆಯ ಯೂ ಮರಗಳು ಅದರ ಗಿಡ್ಡ ಗೋಪುರವನ್ನೇ ಮರೆಮಾಡುತ್ತಿದ್ದವು ಎಂಬುದು ಆಗಿನ ಛಾಯಾಚಿತ್ರಗಳಿಂದ ತಿಳಿಯುತ್ತದೆ. ನೀರು ಏರುವ ಮೊದಲೇ ಚರ್ಚನ್ನು ಕಲ್ಲು ಕಲ್ಲಾಗಿ ಬಿಚ್ಚಿದರು, ಬಿಚ್ಚಿದ ಕಲ್ಲುಗಳನ್ನು ಜಲಾಶಯದ ಕಟ್ಟಡ ಕೆಲಸಕ್ಕೇ ಬಳಸಿಕೊಂಡರು. ಆದ್ದರಿಂದ ಎಷ್ಟೇ ಬರ ಬಂದರೂ ಅಲ್ಲಿ ಗೋಪುರ ಕಾಣಿಸುವುದು ಸಾಧ್ಯವಿಲ್ಲ.

ಇನ್ನು ಊರಿನ ವಿಷಯ. ಇಂಗ್ಲೆಂಡಿನ ವಾಯುವ್ಯ ಮೂಲೆಯಲ್ಲಿ, ಹಿಂದೆ ವೆಸ್ಟ್‌ಮೋರ್ಲೆಂಡ್ ಎನಿಸಿಕೊಂಡಿದ್ದು 1974ರಲ್ಲಿ ಕಂಬ್ರಿಯಾ ಪ್ರಾಂತಕ್ಕೆ ಸೇರಿದ ಬೆಟ್ಟಗಾಡಿನ ಪೂರ್ವದಂಚಿನಲ್ಲಿ, ಹಿಮನದಿ ಕೊರೆದ ಒಂದು ಆಳವಾದ ಕಣಿವೆ ಇದೆ. ಅದೇ ಮಾರ್ಡೇಲ್. ಅದರ ಪಶ್ಚಿಮಕ್ಕೆ 828 ಮೀಟರ್ ಎತ್ತರದ ಹೈ ಸ್ಟ್ರೀಟ್ ಎಂಬ ಚಪ್ಪಟೆ ತಲೆಯ ಬೆಟ್ಟ ನಿಂತಿದೆ. ರೋಮನ್ನರು ತಮ್ಮ ಎರಡು ಕೋಟೆಗಳನ್ನು ಕೂಡಿಸಲು ಆ ಬೆಟ್ಟದ ನೆತ್ತಿಯ ಮೇಲೆಯೇ ರಸ್ತೆ ಹಾಕಿದ್ದರು. ಕಣಿವೆಯ ತುದಿಯಲ್ಲಿ ದಾರಿ ಎರಡಾಗಿ ಕವಲೊಡೆದು, ನ್ಯಾನ್ ಬೀಲ್ಡ್ ಕಣಿವೆದಾರಿಯಿಂದ ಕೆಂಟ್‌ಮಿಯರ್ ಕಡೆಗೂ ಗೇಟ್ಸ್‌ಕಾರ್ತ್ ಮೂಲಕ ಲಾಂಗ್‌ಸ್ಲೆಡೇಲ್ ಕಡೆಗೂ ಏರಿ ಹೋಗುತ್ತಿತ್ತು. ಸರಕು ಹೊತ್ತ ಕುದುರೆಗಳ ಸಾಲುಗಳೂ ದನ ಕುರಿ ಹೊಡೆದುಕೊಂಡು ಹೋಗುವವರೂ ಈ ದಾರಿಗಳಲ್ಲಿ ಓಡಾಡುತ್ತಿದ್ದರು. ಕಣಿವೆಯ ಕೆಳಭಾಗದಲ್ಲಿ ಹಾಸ್‌ವಾಟರ್ ಎಂಬ ಸಹಜ ಸರೋವರವೊಂದು ಮೊದಲಿನಿಂದಲೂ ಇತ್ತು. ಮೀಸಂಡ್ ಎಂಬಲ್ಲಿ ಬೆಟ್ಟದ ತೊರೆ ತಂದು ಸುರಿದ ಮಣ್ಣು ಕಲ್ಲು ಸರೋವರದೊಳಕ್ಕೆ ಚಾಚಿ ಅದನ್ನು ಬಹುತೇಕ ಎರಡಾಗಿ ಸೀಳಿತ್ತು. ಮೇಲಿನ ಭಾಗವನ್ನು ಹೈ ವಾಟರ್ ಎಂದೂ ಕೆಳಗಿನದನ್ನು ಲೋ ವಾಟರ್ ಎಂದೂ ಜನ ಕರೆಯುತ್ತಿದ್ದರು. ಆ ಸರೋವರದ ತಲೆಯ ಮೇಲೆ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಪಾಗಾರಗಳ ನಡುವಿನ ಹಸಿರು ಹುಲ್ಲುಗದ್ದೆಗಳಲ್ಲಿ, ಮಾರ್ಡೇಲ್ ಗ್ರೀನ್ ಇತ್ತು.

ಅದು ಊರೆನ್ನುವುದಕ್ಕಿಂತ ಮನೆಗಳ ಒಂದು ಚದುರಿದ ಗುಂಪು. ಚಾಪೆಲ್ ಹಿಲ್, ಗೂಸ್‌ಮೈರ್, ಗ್ರೋವ್ ಬ್ರೇ, ಫ್ಲೇಕ್ ಹೌ ಎಂಬ ಹೆಸರಿನ ಒಕ್ಕಲುಮನೆಗಳು, ಆಚೆ ಸ್ವಲ್ಪ ದೂರದಲ್ಲಿ ರಿಗ್ಗಿಂಡೇಲ್ ಮತ್ತು ವೆಲ್ಟರ್, ಚರ್ಚು, ಪಾದ್ರಿಯ ಮನೆ, ಹಳ್ಳ ದಾಟಲು ಒಂದು ಕಮಾನಿನ ಕಲ್ಲುಸೇತುವೆ, ಮತ್ತು ಡನ್ ಬುಲ್ ಎಂಬ ತಂಗುಮನೆ. ಕೆಳಗೆ ಮೀಸಂಡ್‌ನಲ್ಲಿ ಇನ್ನೊಂದಿಷ್ಟು ಮನೆಗಳಿದ್ದವು. ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ದತ್ತಿಯಿಂದ ಸ್ಥಾಪನೆಯಾದ ಶಾಲೆಯೊಂದೂ ಅಲ್ಲಿತ್ತು. ನಮ್ಮ ಮಲೆನಾಡಿನಲ್ಲಿ ಹುಟ್ಟಿದವರಿಗೆ ಈ ಚಿತ್ರವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ಕೂಗಳತೆಯ ದೂರ, ನಡುವೆ ಗದ್ದೆ, ಮನೆಯ ಹಿಂದೆ ಏರುವ ಬೆಟ್ಟ, ಬೆಟ್ಟದ ಮೇಲೆ ಎಲ್ಲರಿಗೂ ಸೇರಿದ ಮೇವಿನ ಜಾಗ.

ಆ ಬೆಟ್ಟದ ಮೇವಿನ ಜಾಗವೇ ಮಾರ್ಡೇಲ್‌ನ ಬದುಕಿನ ಆಧಾರವಾಗಿತ್ತು. ಅಲ್ಲಿ ಬೇಲಿ ಇರಲಿಲ್ಲ. ಪ್ರತಿಯೊಂದು ಮನೆಯ ಕುರಿಹಿಂಡಿಗೂ ಬೆಟ್ಟದಲ್ಲಿ ಅದರದ್ದೇ ಒಂದು ಪಾಲು ಇತ್ತು; ತಾಯಿಕುರಿಯ ಹಿಂದೆ ಅಲೆದು ಮರಿಗಳು ತಮ್ಮ ಹಿಂಡಿನ ನೆಲ ಯಾವುದೆಂದು ಕಲಿಯುತ್ತಿದ್ದವು, ಆ ತಿಳಿವಳಿಕೆ ತಲೆಮಾರಿನಿಂದ ತಲೆಮಾರಿಗೆ ಕುರಿಗಳಲ್ಲೇ ಇಳಿದುಬರುತ್ತಿತ್ತು. ಜಮೀನು ಕೈ ಬದಲಾದರೂ ಹಿಂಡು ಮಾತ್ರ ಅದೇ ಜಮೀನಿನೊಂದಿಗೆ ಉಳಿಯಬೇಕೆಂಬ ಕಟ್ಟಳೆ ಹುಟ್ಟಿದ್ದು ಈ ಕಾರಣಕ್ಕೇ: ಹೊರಗಿನಿಂದ ತಂದ ಕುರಿಗೆ ಆ ಬೆಟ್ಟ ಗೊತ್ತಿರುವುದಿಲ್ಲ. ಆದರೂ ಕುರಿ ದಾರಿ ತಪ್ಪುವುದುಂಟು. ಹಾಗಾಗಿ ಒಂದೊಂದು ಮನೆಯವರೂ ತಮ್ಮ ಕುರಿಗಳ ಕಿವಿಯನ್ನು ಒಂದೊಂದು ಬಗೆಯಾಗಿ ಕತ್ತರಿಸಿ ಗುರುತು ಮಾಡುತ್ತಿದ್ದರು, ಉಣ್ಣೆಯ ಮೇಲೆ ಕೆಂಪೋ ನೀಲಿಯೋ ಬಣ್ಣ ಬಳಿಯುತ್ತಿದ್ದರು. 1817ರಲ್ಲಿ ಪಕ್ಕದ ಮಾರ್ಟಿನ್‌ಡೇಲ್ ಕಣಿವೆಯ ಜೋಸೆಫ್ ವಾಕರ್ ಎಂಬವರು ಇಂಥ ಗುರುತುಗಳನ್ನೆಲ್ಲ ಚಿತ್ರಸಮೇತ ಮುದ್ರಿಸಿ ಕೈಪಿಡಿಯೊಂದನ್ನು ತಂದರು. ಪುಟಕ್ಕೊಂದಿಷ್ಟು ಕುರಿಗಳ ಒಂದೇ ತರದ ಚಿತ್ರ, ಅದರ ಮೇಲೆ ಆಯಾ ಮನೆಯ ಕಿವಿಗುರುತು ಮತ್ತು ಬಣ್ಣ, ಪಕ್ಕದಲ್ಲಿ ಒಡೆಯನ ಹೆಸರು. ಒಂದು ಬೆಟ್ಟಸೀಮೆಯ ಸಾಮಾನ್ಯ ಒಕ್ಕಲುಗಳ ಹೆಸರನ್ನು ಇಷ್ಟು ಅಕ್ಕರೆಯಿಂದ ದಾಖಲಿಸಿದ ಪುಸ್ತಕಗಳು ಅಪರೂಪ. ಅದನ್ನು ಬರೆಸಿದ್ದು ಯಾವ ಸರ್ಕಾರವೂ ಅಲ್ಲ, ಕಳೆದುಹೋದ ಕುರಿಯನ್ನು ಅದರ ಒಡೆಯನಿಗೆ ಮುಟ್ಟಿಸಬೇಕೆಂಬ ಸರಳ ಪ್ರಾಮಾಣಿಕತೆ.

ಹಾಗೆ ಮುಟ್ಟಿಸಲು ವರ್ಷಕ್ಕೊಮ್ಮೆ ಕುರಿಗಾಹಿಗಳ ಕೂಟ ಸೇರುತ್ತಿತ್ತು. ಹಿಂದೆ ಅದು ಬೇಸಿಗೆಯಲ್ಲಿ ಹೈ ಸ್ಟ್ರೀಟ್ ಬೆಟ್ಟದ ನೆತ್ತಿಯ ಮೇಲೆಯೇ ನಡೆಯುತ್ತಿತ್ತು. ಕುದುರೆ ಓಟ, ಕುಸ್ತಿ ಎಲ್ಲವೂ ಇರುತ್ತಿದ್ದವು, ಆ ನೆತ್ತಿಗೆ ಇಂದಿಗೂ ರೇಸ್‌ಕೋರ್ಸ್ ಹಿಲ್ ಎಂದೇ ಹೆಸರು. ಆಮೇಲೆ ಕೂಟ ಕೆಳಗಿಳಿದು ನವೆಂಬರ್ ತಿಂಗಳಲ್ಲಿ ಡನ್ ಬುಲ್ ತಂಗುಮನೆಯಲ್ಲಿ ನಡೆಯತೊಡಗಿತು. ಸುತ್ತಲಿನ ಕಣಿವೆಗಳವರು ತಮ್ಮ ಹಿಂಡಿಗೆ ಬಂದು ಸೇರಿದ್ದ ಪರರ ಕುರಿಗಳನ್ನು ಚಳಿಯಲ್ಲಿ ಬೆಟ್ಟ ದಾಟಿಸಿ ಹೊಡೆದುಕೊಂಡು ಬಂದು ಒಪ್ಪಿಸುತ್ತಿದ್ದರು, ತಮ್ಮದನ್ನು ಪಡೆಯುತ್ತಿದ್ದರು. ಅನಂತರ ಬೇಟೆ, ನಾಯಿಗಳ ಓಟ, ಊಟ, ರಾತ್ರಿಯಿಡೀ ಹಾಡು. ಹೊರಗಿನವರಿಗೆ ದೂರದ ಮೂಲೆಯಾಗಿ ಕಂಡ ಮಾರ್ಡೇಲ್, ಬೆಟ್ಟದವರ ಲೆಕ್ಕದಲ್ಲಿ ನಾಲ್ಕು ಕಣಿವೆಗಳು ಬಂದು ಕೂಡುವ ನಟ್ಟನಡುವಿನ ಸ್ಥಳವಾಗಿತ್ತು. ಇಂಥ ಕೂಟ ಇಪ್ಪತ್ತನೆಯ ಶತಮಾನದಲ್ಲಿಯೂ ಅಲ್ಲಿ ಸೇರುತ್ತಿತ್ತೆಂದ ಮೇಲೆ ಅದನ್ನು ಪಾಳೂರು ಎನ್ನುವುದು ಹೇಗೆ?

ಮಾರ್ಡೇಲ್‌ಗೆ ಅದರದ್ದೇ ಆದ ರಾಜರೂ ಇದ್ದರು ಎಂಬ ಐತಿಹ್ಯವಿದೆ. ಹದಿಮೂರನೆಯ ಶತಮಾನದ ಆರಂಭದಲ್ಲಿ ಜಾನ್ ದೊರೆಯ ವಿರುದ್ಧದ ಒಳಸಂಚೊಂದರಲ್ಲಿ ಸಿಕ್ಕಿಬಿದ್ದ ಹ್ಯೂ ಹೋಮ್ ಎಂಬಾತ ಸ್ಕಾಟ್ಲೆಂಡಿಗೆ ಓಡಿಹೋಗುವ ದಾರಿಯಲ್ಲಿ ರಿಗ್ಗಿಂಡೇಲ್‌ನ ಬಂಡೆಗಳ ಗವಿಯಲ್ಲಿ ಅಡಗಿದ್ದನಂತೆ, ಆಮೇಲೆ ಅಲ್ಲಿಯೇ ನೆಲೆನಿಂತನಂತೆ. ಅವನ ವಂಶದ ಹಿರಿಯನನ್ನು ಊರವರು ಮಾರ್ಡೇಲ್‌ನ ರಾಜ ಎಂದು ಕರೆಯುತ್ತಾ ಬಂದರು. ಚಾಪೆಲ್ ಹಿಲ್ ಅವರ ಮನೆ. ಆ ಮನೆತನದ ಕೊನೆಯ ಗಂಡುಕುಡಿ ಹ್ಯೂ ಪಾರ್ಕರ್ ಹೋಮ್ 1885ರಲ್ಲಿ ತೀರಿಕೊಂಡ. ಒಳಸಂಚಿನ ಕಥೆ ಜನರ ಬಾಯಲ್ಲಿ ಬೆಳೆದು ಬಂದದ್ದು, ಅದನ್ನು ಐತಿಹ್ಯವೆಂದೇ ಓದಬೇಕು. ಒಂದು ಒಕ್ಕಲು ಮನೆತನ ಅದೇ ಕಣಿವೆಯಲ್ಲಿ ತಲೆತಲಾಂತರ ಬಾಳಿ, ತೆರಿಗೆ ಎತ್ತದೆ, ಪಡೆ ಕಟ್ಟದೆ, ನೆರೆಯವರ ಗೌರವದಿಂದಲೇ ರಾಜನೆನಿಸಿಕೊಂಡದ್ದನ್ನು ಮಾತ್ರ ಅನುಮಾನಿಸಬೇಕಾಗಿಲ್ಲ.

ಈ ಮಜರೆಯ ಚರಿತ್ರೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿರುವುದು ಅಲ್ಲಿನ ಹೆಣಹಾದಿ. ಮಾರ್ಡೇಲ್‌ನಲ್ಲಿ ಪ್ರಾರ್ಥನಾಗೃಹವಿದ್ದರೂ ಬಹುಕಾಲ ಅಲ್ಲಿ ಹೂಳುವ ಹಕ್ಕು ಇರಲಿಲ್ಲ. ಅದು ಶ್ಯಾಪ್ ಊರಿನ ಮುಖ್ಯ ಚರ್ಚಿನ ವ್ಯಾಪ್ತಿಗೆ ಸೇರಿದ್ದರಿಂದ ಸತ್ತವರನ್ನು ಅಲ್ಲಿಗೇ ಒಯ್ಯಬೇಕಾಗಿತ್ತು. ಹೂಳುವುದಕ್ಕೆ ಸಲ್ಲುವ ಕಾಣಿಕೆಯೂ ಆ ಚರ್ಚಿಗೇ ಸಲ್ಲಬೇಕಾಗಿತ್ತು. ಮಜರೆಯ ಪೂರ್ವಕ್ಕೆ ಎದ್ದಿರುವ ಕಡಿದಾದ ಬೆಟ್ಟವನ್ನು ಅಂಕುಡೊಂಕು ತಿರುವುಗಳಲ್ಲಿ ಹತ್ತಿ, ನೆತ್ತಿಯ ಜೌಗುನೆಲವನ್ನು ದಾಟಿ, ಸ್ವಿಂಡೇಲ್ ಕಣಿವೆಗೆ ಇಳಿದು, ಮತ್ತೊಂದು ಏರು ಹತ್ತಿ ಶ್ಯಾಪ್ ಸೇರಬೇಕು. ಶವವನ್ನು ಕುದುರೆಯ ಬೆನ್ನಿಗೆ ಕಟ್ಟಿ ಒಯ್ಯುತ್ತಿದ್ದರು. ಹಿಮ ಬಿದ್ದರೆ, ಮಂಜು ಕವಿದರೆ, ಹಳ್ಳ ತುಂಬಿದರೆ ಕಾಯಬೇಕು. 1736ರಲ್ಲಿ ಆ ದಾರಿಯಲ್ಲಿ ಕೊನೆಯ ಶವ ಹೋಯಿತು. ಅಲ್ಲಿಂದ ಮುಂದೆ ಮಾರ್ಡೇಲ್‌ನವರು ತಮ್ಮವರನ್ನು ತಮ್ಮ ಚರ್ಚಿನ ಅಂಗಳದಲ್ಲಿ, ಯೂ ಮರಗಳ ಬುಡದಲ್ಲಿ ಮಣ್ಣು ಮಾಡತೊಡಗಿದರು. ಊರಿಗೆ ಊರೆನ್ನುವ ಮಾನ ಪೂರ್ತಿಯಾಗಿ ದಕ್ಕಿದ್ದು ಅಂದೇ ಎಂದು ನಾನು ತಿಳಿಯುತ್ತೇನೆ. ಇನ್ನೂರು ವರ್ಷ ಹೀಗೆ ನಡೆಯಿತು. ಆಮೇಲೆ, ಜಲಾಶಯದ ಕೆಲಸ ಶುರುವಾದ ಮೇಲೆ, ಆ ಅಂಗಳವನ್ನು ಅಗೆದು 97 ಮಂದಿಯ ಅವಶೇಷಗಳನ್ನು ಹೊರತೆಗೆದು ಮರಳಿ ಹೂಳಲು ಒಯ್ದದ್ದು ಎಲ್ಲಿಗೆ ಎಂದರೆ, ಅದೇ ಶ್ಯಾಪ್‌ಗೆ. ಯಾವ ದಾರಿಯನ್ನು ಸವೆಸುವ ಕಷ್ಟದಿಂದ ಆ ಜನ ಬಿಡುಗಡೆ ಪಡೆದಿದ್ದರೋ ಆ ದಾರಿಯ ಕೊನೆಗೇ ಅವರ ಹಿರಿಯರು ಹೋಗಿ ಸೇರಿದರು. ಹೆಣಹಾದಿ ಇಂದಿಗೂ ಬೆಟ್ಟದ ಮೇಲೆ ಗುರುತಿಸುವಂತಿದೆ, ನಡೆಯುವವರು ನಡೆಯುತ್ತಾರೆ.

ಊರು ಮುಳುಗಿದ್ದು ಏಕೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಹತ್ತಿಗಿರಣಿಗಳ ನಗರವಾಗಿ ಬೆಳೆದ ಮ್ಯಾಂಚೆಸ್ಟರ್‌ಗೆ ಶುದ್ಧ ನೀರಿನ ಅಗತ್ಯ ನಿಜವಾದದ್ದೇ ಆಗಿತ್ತು. ಕೊಳಕು ನೀರಿನಿಂದ ಹರಡುವ ರೋಗಗಳಿಗೆ ಅಲ್ಲಿನ ಕಾರ್ಮಿಕರ ಕೇರಿಗಳು ಬಲಿಯಾಗಿದ್ದವು. ಮೊದಲು ನಗರದ ಪೂರ್ವಕ್ಕಿರುವ ಲಾಂಗ್‌ಡೆಂಡೇಲ್ ಕಣಿವೆಯಲ್ಲಿ 1848ರಿಂದ ಸಾಲು ಜಲಾಶಯಗಳನ್ನು ಕಟ್ಟಿದರು. ಅದು ಸಾಲದಾದಾಗ ಪಾಲಿಕೆಯ ಕಣ್ಣು ಉತ್ತರದ ಲೇಕ್ ಡಿಸ್ಟ್ರಿಕ್ಟ್ ಮೇಲೆ ಬಿತ್ತು. ಥರ್ಲ್‌ಮಿಯರ್ ಸರೋವರಕ್ಕೆ ಅಣೆಕಟ್ಟೆ ಹಾಕುವ ಯೋಜನೆಗೆ 1870ರ ದಶಕದಲ್ಲಿ ದೊಡ್ಡ ವಿರೋಧ ಎದ್ದಿತು. ರಕ್ಷಣಾ ಸಂಘ ಕಟ್ಟಿದರು, ಜಾನ್ ರಸ್ಕಿನ್ ಅವರಂಥ ಚಿಂತಕರು ದನಿಯೆತ್ತಿದರು. ಆದರೂ 1879ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು, 1894ರಲ್ಲಿ 154 ಕಿಲೋಮೀಟರ್ ದೂರ ಹರಿದು ಆ ನೀರು ಮ್ಯಾಂಚೆಸ್ಟರ್ ತಲುಪಿತು. ಅದರ ಮರುವರ್ಷ, ನಿಸರ್ಗ ತಾಣಗಳನ್ನೂ ಹಳೆಯ ಕಟ್ಟಡಗಳನ್ನೂ ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯನ್ನು ಸ್ಥಾಪಿಸಿದ ಮೂವರಲ್ಲಿ ಒಬ್ಬರಾದ ಹಾರ್ಡ್‌ವಿಕ್ ರಾನ್ಸ್‌ಲಿ ಈ ಸರೋವರಗಳ ಸೀಮೆಯಲ್ಲೇ ಪಾದ್ರಿಯಾಗಿದ್ದವರು. ಇಷ್ಟೆಲ್ಲ ನಡೆದಿದ್ದರೂ ಹಾಸ್‌ವಾಟರ್‌ನ ಸರದಿ ಬಂದಾಗ ಅಷ್ಟು ಗದ್ದಲ ಆಗಲಿಲ್ಲ. ಕಾಯ್ದೆ ಅಂಗೀಕಾರವಾದದ್ದು 1919ರಲ್ಲಿ, ಮೊದಲ ಮಹಾಯುದ್ಧ ಮುಗಿದ ಬೆನ್ನಲ್ಲೇ. ದೇಶವೇ ತನ್ನ ಸತ್ತವರ ಶೋಕದಲ್ಲಿದ್ದಾಗ ಪೂರ್ವದಂಚಿನ ಒಂದು ಕಣಿವೆಯ ಹತ್ತಾರು ಮನೆಗಳ ಅಳಲಿಗೆ ಕಿವಿಗೊಡುವವರು ಕಡಿಮೆ ಇದ್ದರು. ಪ್ರಸಿದ್ಧ ಕವಿಗಳು ಹಾಡಿದ ಸರೋವರವಾಗಿದ್ದರೆ ಮಾತು ಬೇರೆಯಾಗುತ್ತಿತ್ತೇನೋ.

ಕೆಲಸ ಆರಂಭವಾದದ್ದು 1929ರಲ್ಲಿ. ಸರೋವರದ ಕೆಳತುದಿಯಲ್ಲಿ ಕಾರ್ಮಿಕರಿಗಾಗಿ ಬರ್ನ್‌ಬ್ಯಾಂಕ್ಸ್ ಎಂಬ ಹೊಸ ಬಡಾವಣೆಯನ್ನೇ ಪಾಲಿಕೆ ಕಟ್ಟಿತು. ಎರಕದ ಕಬ್ಬಿಣದ ಫಲಕಗಳನ್ನು ಜೋಡಿಸಿ ಮಾಡಿದ ಆ ಮನೆಗಳಲ್ಲಿ ವಿದ್ಯುತ್ತು, ಸ್ನಾನಗೃಹಗಳಂಥ ಸೌಲಭ್ಯಗಳಿದ್ದವು. 470 ಮೀಟರ್ ಉದ್ದದ ಅಣೆಕಟ್ಟೆಯನ್ನು ಒಳಗೆ ಟೊಳ್ಳಾಗಿರುವ 44 ಆನಿಕೆಗಳ ಮೇಲೆ ನಿಲ್ಲಿಸಿದರು. ಆ ಕಾಲಕ್ಕೆ ಅದು ಹೊಸ ಬಗೆಯ ರಚನೆ. ಸರೋವರದ ಮಟ್ಟ 29 ಮೀಟರ್ ಏರಿತು. ಹಳೆಯ ರಸ್ತೆ ಪಶ್ಚಿಮದ ದಂಡೆಯಲ್ಲಿ ಮುಳುಗಲಿದ್ದುದರಿಂದ ಪೂರ್ವದ ದಂಡೆಯಲ್ಲಿ ಹೊಸ ರಸ್ತೆ ಹಾಕಿದರು, ಡನ್ ಬುಲ್‌ಗೆ ಬದಲಾಗಿ ಆ ರಸ್ತೆಯ ಬದಿಯಲ್ಲಿ ಹಾಸ್‌ವಾಟರ್ ಹೋಟೆಲ್ ಕಟ್ಟಿದರು. 1935ರ ಆಗಸ್ಟ್ 18ರಂದು ಚರ್ಚಿನಲ್ಲಿ ಕೊನೆಯ ಆರಾಧನೆ ನಡೆಯಿತು. ಕಾರ್ಲೈಲ್‌ನ ಬಿಷಪ್ ಬಂದಿದ್ದರು. ಒಳಗೆ ಹಿಡಿಸಿದ್ದು ಕೆಲವೇ ಮಂದಿ. ನೂರಾರು ಜನ ಹೊರಗೆ ಹುಲ್ಲಿನ ಮೇಲೆ ನಿಂತು ಧ್ವನಿವರ್ಧಕದಲ್ಲಿ ಕೇಳಿಸಿಕೊಂಡರು. ಅನಂತರ ಮನೆಗಳನ್ನು ಒಂದೊಂದಾಗಿ ಕೆಡವಿದರು. ಸೈನ್ಯದ ಎಂಜಿನಿಯರ್ ದಳದವರು ಕೆಲವನ್ನು ಸ್ಫೋಟಕಗಳ ಅಭ್ಯಾಸಕ್ಕೆ ಬಳಸಿಕೊಂಡರು. ಶತಮಾನಗಳ ಕಾಲ ಜನ ಬಾಳಿದ ಮನೆ ಅಭ್ಯಾಸದ ಗುರಿಯಾದದ್ದನ್ನು ಓದುವಾಗ ಮನಸ್ಸು ಮುದುಡುತ್ತದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನವಾದದ್ದು 1951ರಲ್ಲಿ. ಬೆಟ್ಟದ ಕುರಿಗಾಹಿ ಬದುಕು ರೂಪಿಸಿದ ಸಾಂಸ್ಕೃತಿಕ ಭೂದೃಶ್ಯವೆಂದು ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಯಾವ ಬದುಕಿಗೆ ಆ ಮನ್ನಣೆ ದೊರೆಯಿತೋ ಅದರ ಒಂದು ಪೂರ್ಣ ಮಾದರಿ ಅದಕ್ಕಿಂತ ಎಂಟು ದಶಕ ಮೊದಲೇ ನೀರಿನಡಿಗೆ ಹೋಗಿತ್ತು.

ನೀರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮವರಿಗೆ ಜಲಾಶಯವೆಂದರೆ ಮೊದಲು ಕೇಳುವುದು ಅದನ್ನೇ. ಹಾಸ್‌ವಾಟರ್ ಹಿಡಿದಿಡುವುದು ಸುಮಾರು 8,400 ಕೋಟಿ ಲೀಟರ್. ನಮ್ಮ ಅಳತೆಯಲ್ಲಿ ಸುಮಾರು 3 ಟಿಎಂಸಿ ಅಡಿ. ಕೃಷ್ಣರಾಜಸಾಗರದ್ದು 49 ಟಿಎಂಸಿ ಅಡಿ, ಲಿಂಗನಮಕ್ಕಿಯದು 150ಕ್ಕೂ ಹೆಚ್ಚು ಎಂಬುದನ್ನು ನೆನೆದರೆ ಇದು ತೀರಾ ಚಿಕ್ಕ ಜಲಾಶಯ. ಆದರೆ ಇದು ಬೇಸಾಯಕ್ಕಾಗಲಿ ವಿದ್ಯುತ್ತಿಗಾಗಲಿ ಅಲ್ಲ, ಕುಡಿಯುವುದಕ್ಕೆ. ಸುಮಾರು 110 ಕಿಲೋಮೀಟರ್ ಉದ್ದದ ಸುರಂಗ ಮತ್ತು ಕೊಳವೆಗಳ ಕಾಲುವೆಯಲ್ಲಿ, ಪಂಪುಗಳ ಹಂಗಿಲ್ಲದೆ ಇಳಿಜಾರಿನ ಬಲದಿಂದಲೇ ನೀರು ದಕ್ಷಿಣಕ್ಕೆ ಹರಿದುಬರುತ್ತದೆ. ಆ ಕಾಲುವೆಯ ಕೆಲಸ ಪೂರ್ತಿಯಾಗುವಾಗ 1955 ಆಗಿತ್ತು. ಕಂಬ್ರಿಯಾ, ಲ್ಯಾಂಕಷೈರ್ ಮತ್ತು ಮ್ಯಾಂಚೆಸ್ಟರ್ ಸುತ್ತಲಿನ ಸುಮಾರು 25 ಲಕ್ಷ ಜನ ಇಂದು ಅದನ್ನು ಅವಲಂಬಿಸಿದ್ದಾರೆ. ಅವರಲ್ಲಿ ಈ ನಗರದ ಆಸ್ಪತ್ರೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ, ಕಂಪನಿಗಳಲ್ಲಿ ದುಡಿಯುವ ನಮ್ಮ ಕನ್ನಡಿಗರೂ ಸೇರಿದ್ದಾರೆ. ಈ ನೀರು ಮೆದುವಾದದ್ದು, ಬೇಳೆ ಚೆನ್ನಾಗಿ ಬೇಯುತ್ತದೆ, ಪಾತ್ರೆಗೆ ಸುಣ್ಣ ಕಟ್ಟುವುದಿಲ್ಲ ಎಂದು ಲಂಡನ್ನಿನಿಂದ ಇಲ್ಲಿಗೆ ಬಂದು ನೆಲೆಸಿದವರು ಮೆಚ್ಚಿ ಹೇಳುತ್ತಾರೆ. ಆ ನೀರು ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಬಹಳ ಜನರಿಗೆ ಗೊತ್ತಿಲ್ಲ.

1976, 1984, 1995, 2003, 2021ರಂಥ ಒಣ ವರ್ಷಗಳಲ್ಲಿ ನೀರು ಇಳಿದಾಗ ಮಾರ್ಡೇಲ್ ಗ್ರೀನ್‌ನ ಉಳಿಕೆಗಳು ಕಾಣಿಸಿಕೊಂಡಿವೆ. ಕಾಣುವುದು ಇಷ್ಟು: ಪಾಗಾರಗಳ ಸಾಲು, ಅವುಗಳ ನಡುವಿನ ಓಣಿ, ಮನೆಗಳ ಅಡಿಪಾಯದ ಕಲ್ಲುರಾಶಿ, ಹಳ್ಳದ ಮೇಲಿನ ಕಮಾನಿನ ಸೇತುವೆ. ಎಲ್ಲವೂ ಕೆಸರಿನ ಬೂದು ಬಣ್ಣದಲ್ಲಿರುತ್ತವೆ. ಅದನ್ನು ನೋಡಲು ಸಾವಿರಾರು ಜನ ಬರುತ್ತಾರೆ, ಕಿರಿದಾದ ರಸ್ತೆಯಲ್ಲಿ ವಾಹನಗಳು ಕಟ್ಟಿಕೊಳ್ಳುತ್ತವೆ. ನೋಡಬೇಕೆನ್ನುವ ಕುತೂಹಲವನ್ನು ನಾನು ತಪ್ಪೆನ್ನಲಾರೆ, ನಾನೂ ಹೋಗಿ ನೋಡಿದವನೇ. ಆದರೆ ಆ ಪಾಗಾರಗಳ ಮೇಲೆ ಹತ್ತಿ ಕುಣಿಯುವುದು, ಕಲ್ಲುಗಳನ್ನು ಕಿತ್ತು ಬೇಕಾದಂತೆ ಜೋಡಿಸುವುದು, ನೆನಪಿಗೆಂದು ಒಂದೆರಡನ್ನು ಜೇಬಿಗಿಳಿಸುವುದು ಸರಿಯಲ್ಲ. ಎಂಟು ದಶಕಗಳಿಗೂ ಹೆಚ್ಚು ಕಾಲ ನೀರಿನ ಏರಿಳಿತ ತಡೆದು ನಿಂತ ಗಾರೆಯಿಲ್ಲದ ಗೋಡೆ, ಮನುಷ್ಯರ ಕೈಯಿಂದ ಒಂದು ಬೇಸಿಗೆಯಲ್ಲಿ ಕುಸಿಯುತ್ತದೆ. ಮೇಲೆ ಗಟ್ಟಿಯಾಗಿ ಕಾಣುವ ಕೆಸರಿನಲ್ಲಿ ಕಾಲು ಹೂತು ಸಿಕ್ಕಿಬೀಳುವ ಅಪಾಯವೂ ಉಂಟು. ತಮ್ಮ ಲೇಖನ ಓದಿ ಇಲ್ಲಿಗೆ ಬರಬಯಸುವ ಪ್ರವಾಸಿಗರು ಇದನ್ನು ಗಮನಿಸಬೇಕು.

ಕಣಿವೆಯಲ್ಲಿ ಬದುಕು ನಿಂತುಹೋಗಿಲ್ಲ ಎಂಬುದನ್ನೂ ಸೇರಿಸಬೇಕು. ಬೆಟ್ಟಗಳ ಮೇಲೆ ಕುರಿಗಳು ಈಗಲೂ ಮೇಯುತ್ತವೆ. ಇಂಗ್ಲೆಂಡಿನಲ್ಲಿ ಅಳಿದೇಹೋಗಿದ್ದ ಹೊನ್ನಹದ್ದಿನ ಜೋಡಿಯೊಂದು 1969ರಲ್ಲಿ ರಿಗ್ಗಿಂಡೇಲ್‌ಗೆ ಬಂದು ನೆಲೆಸಿತು, ಅಲ್ಲಿ ಮರಿಗಳೂ ಆದವು. ಸಂಗಾತಿಯಿಲ್ಲದೆ ಉಳಿದಿದ್ದ ಕೊನೆಯ ಗಂಡು 2015ರ ಬಳಿಕ ಕಾಣಲಿಲ್ಲ. ಹೆಣಹಾದಿ ಹಾಯುವ ಸ್ವಿಂಡೇಲ್‌ನಲ್ಲಿ, ಹಿಂದಿನವರು ನೇರ ಮಾಡಿದ್ದ ಹೊಳೆಯನ್ನು 2016ರಲ್ಲಿ ಮತ್ತೆ ಅದರ ಸಹಜ ತಿರುವುಗಳಿಗೆ ಬಿಟ್ಟಿದ್ದಾರೆ.

ಕರ್ನಾಟಕದ ಓದುಗರಿಗೆ ಇದೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ನಾವು ನೀರಿನಿಂದ ಮೇಲಕ್ಕೆ ತಂದು ಮತ್ತೆ ಕಟ್ಟಿಕೊಂಡೆವು. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟೆ 1964ರಲ್ಲಿ ಲಿಂಗನಮಕ್ಕಿಯ ನೀರಿನಲ್ಲಿ ತಾನೇ ಮುಳುಗಿತು, ಬೇಸಿಗೆಯಲ್ಲಿ ಅದು ಎದ್ದು ಕಂಡಾಗ ನೋಡಲು ಹೋಗುತ್ತೇವೆ. ದೇವಾಲಯವನ್ನೂ ಅಣೆಕಟ್ಟೆಯನ್ನೂ ಬಲ್ಲೆವು. ಆದರೆ ಕರೂರು ಸೀಮೆಯಲ್ಲಿ ಮುಳುಗಿದ ಒಂದೊಂದು ಮಜರೆಯಲ್ಲಿ ಯಾವ ಯಾವ ಮನೆಗಳಿದ್ದವು, ಗದ್ದೆಗಳಿಗೆ ಏನೆಂದು ಹೆಸರು, ಯಾವ ಹಕ್ಕಲಿನಲ್ಲಿ ಯಾರ ದನ ಮೇಯುತ್ತಿತ್ತು, ಸಂಕ ಎಲ್ಲಿತ್ತು, ಚೌಡಿಯ ಬನ ಯಾವ ದಿಕ್ಕಿಗೆ, ಸತ್ತವರನ್ನು ಎಲ್ಲಿಗೆ ಒಯ್ಯುತ್ತಿದ್ದರು ಎಂಬುದನ್ನು ಹೇಳಬಲ್ಲವರು ಇಂದು ಎಪ್ಪತ್ತು ಎಂಬತ್ತು ದಾಟಿದ ಹಿರಿಯರು ಮಾತ್ರ. ಅವರಲ್ಲಿ ಅನೇಕರು ಇನ್ನೂ ತಮಗೆ ಕೊಟ್ಟ ಜಮೀನಿನ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಮಾರ್ಡೇಲ್ ಎಂಬ ಪುಟ್ಟ ಮಜರೆಯ ಬಗ್ಗೆ ನಾನು ಇಷ್ಟು ಬರೆಯಲು ಸಾಧ್ಯವಾದದ್ದು ಅಲ್ಲಿ ಚರ್ಚಿನ ದಾಖಲೆಗಳು, ಮನೆಮನೆಯ ಹೆಸರು ನಮೂದಿಸಿದ ಭೂಪಟಗಳು, ಕುರಿಗುರುತಿನ ಕೈಪಿಡಿ, ಛಾಯಾಚಿತ್ರಗಳು ಉಳಿದಿರುವುದರಿಂದ. ನನ್ನ ಅಜ್ಜನ ಊರಿನ ಬಗ್ಗೆ ಇದರ ಕಾಲು ಭಾಗವನ್ನೂ ನಾನು ಬರೆಯಲಾರೆ. ಈ ಮಾತನ್ನು ದುಃಖದಿಂದ ಹೇಳುತ್ತಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಎರಡು. ಮಾರ್ಡೇಲ್ ಗ್ರೀನ್ ಚಿತ್ರದ ಅಡಿಬರಹವನ್ನು, ಮುಂದಿನ ವಾರದ ಪುರವಣಿಯಲ್ಲಿಯೂ ಜಾಲತಾಣದ ಪ್ರತಿಯಲ್ಲಿಯೂ, ತಿದ್ದಿ ಪ್ರಕಟಿಸಬೇಕು: ಅಲ್ಲಿ ಗೋಪುರ ಇಲ್ಲ; 1930ರ ದಶಕದವರೆಗೂ ಅದು ಜನ ಬಾಳಿದ ಊರು. ಹಾಗೆಯೇ, ಶರಾವತಿ ಮೊದಲುಗೊಂಡು ನಮ್ಮ ಜಲಾಶಯಗಳಲ್ಲಿ ಮುಳುಗಿದ ಊರುಗಳ ಹಿರಿಯರಿಂದ ಮನೆ, ಗದ್ದೆ, ದಾರಿ, ಹಳ್ಳಗಳ ಹೆಸರುಗಳನ್ನು ಬರೆಸಿಕೊಂಡು, ವಾರಕ್ಕೆ ಒಂದೇ ಮಜರೆಯಾದರೂ ಸರಿ, ಜಿಲ್ಲಾ ಪುಟಗಳಲ್ಲಿ ಅಚ್ಚು ಹಾಕಬೇಕು. ಸಾಗರ, ಹೊಸನಗರ ತಾಲ್ಲೂಕುಗಳ ಶಾಲಾ ಶಿಕ್ಷಕರೂ ಪತ್ರಿಕೆಯ ವರದಿಗಾರರೂ ಮನಸ್ಸು ಮಾಡಿದರೆ ಈ ಮಳೆಗಾಲಕ್ಕೆ ಮೊದಲೇ ಇದನ್ನು ಆರಂಭಿಸಬಹುದು. ನಮ್ಮ ಮನೆಯ ಹಿರಿಯರ ಬಳಿ ಉಳಿದಿರುವ ಹಳೆಯ ಪಹಣಿ ಮತ್ತು ಪರಿಹಾರದ ನೋಟಿಸಿನ ಪ್ರತಿಗಳನ್ನು ಮೊದಲ ಕಂತಿಗಾಗಿ ಕಳುಹಿಸಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕು ಮೂಲದ ಓದುಗ,
ಮ್ಯಾಂಚೆಸ್ಟರ್, ಇಂಗ್ಲೆಂಡ್